ಮೊದಲು ಹಬೆಯ ಲೆಕ್ಕ, ಆಮೇಲೆ ಕರೆಂಟಿನ ಮಾತು

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಎರಡು ಬಗೆಯ ಶಕ್ತಿ ಖರ್ಚಾಗುತ್ತದೆ. ಶೆಲ್ಲರ್, ಪಾಲಿಶರ್, ಎಲಿವೇಟರ್, ಬ್ಲೋವರ್‌ಗಳನ್ನು ತಿರುಗಿಸುವ ಕರೆಂಟು ವಿದ್ಯುತ್ ಕಂಪನಿಯಾದ ಜೆಸ್ಕಾಂನಿಂದ ಬರುತ್ತದೆ. ಭತ್ತ ನೆನೆಸಿ, ಬೇಯಿಸಿ, ಡ್ರೈಯರ್‌ನಲ್ಲಿ ಒಣಗಿಸಲು ಬೇಕಾದ ಹಬೆ ಗಿರಣಿಯದೇ ಹೊಟ್ಟನ್ನು ಬಾಯ್ಲರ್‌ನಲ್ಲಿ ಸುಟ್ಟು ಬರುತ್ತದೆ. ಬಾಯ್ಲರ್‌ನಲ್ಲಿ ಹೆಚ್ಚು ಒತ್ತಡದ ಹಬೆ ಎಬ್ಬಿಸಿ, ಅದನ್ನು ಮೊದಲು ಟರ್ಬೈನ್ ಮೂಲಕ ಹಾಯಿಸಿ ಕರೆಂಟು ತೆಗೆದು, ಒತ್ತಡ ಇಳಿದು ಹೊರಬಂದ ಅದೇ ಹಬೆಯನ್ನು ಡ್ರೈಯರ್‌ಗೆ ಕೊಟ್ಟರೆ ಒಂದೇ ಹೊಟ್ಟಿನಿಂದ ಎರಡು ಕೆಲಸ ಆಗುತ್ತದೆ. ಇದಕ್ಕೆ ಕೋಜನರೇಷನ್ ಎಂದು ಹೆಸರು; ಸಕ್ಕರೆ ಕಾರ್ಖಾನೆಗಳ ಕಡೆ ಸಹವಿದ್ಯುತ್ ಎನ್ನುತ್ತಾರೆ. ಇಂಥ ಉತ್ಪಾದನೆಯನ್ನು ಪ್ರೋತ್ಸಾಹಿಸುವುದು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗಗಳ ಕರ್ತವ್ಯ ಎಂದು 2003ರ ವಿದ್ಯುತ್ ಕಾಯ್ದೆಯ 86ನೇ ಕಲಮೇ ಹೇಳುತ್ತದೆ. ತಂತ್ರ ಹಳೆಯದು, ಕಾನೂನಿನ ಬೆಂಬಲವೂ ಇದೆ. ಆದರೂ ಇದಕ್ಕೆ ಹಣ ಹಾಕಿ ಕೈಸುಟ್ಟುಕೊಳ್ಳುವ ದಾರಿಯೊಂದು ಸದಾ ತೆರೆದೇ ಇರುತ್ತದೆ. ‘ನಮಗೆ ಎಷ್ಟು ಕಿಲೋವ್ಯಾಟ್ ಬೇಕು’ ಎಂಬ ಪ್ರಶ್ನೆಯಿಂದ ಲೆಕ್ಕ ಶುರು ಮಾಡುವುದೇ ಆ ದಾರಿ.

ಲೆಕ್ಕ ಶುರುವಾಗಬೇಕಾದದ್ದು ಹಬೆಯಿಂದ. ಕಾರಣವನ್ನು ಹೊಟ್ಟಿನ ತೂಕದಲ್ಲೇ ನೋಡಬಹುದು. ಒಂದು ಯೂನಿಟ್ ಕರೆಂಟೆಂದರೆ 860 ಕಿಲೋಕ್ಯಾಲೊರಿ. ಒಂದು ಕಿಲೋ ಭತ್ತದ ಹೊಟ್ಟಿನಲ್ಲಿ ಸುಮಾರು 3000 ಕಿಲೋಕ್ಯಾಲೊರಿ ಶಾಖವಿರುತ್ತದೆ. ಹಬೆಯನ್ನು ಟರ್ಬೈನ್ ಹಾಯಿಸಿದ ಮೇಲೆ ಕಂಡೆನ್ಸರ್‌ನಲ್ಲಿ ತಣ್ಣಗೆ ಮಾಡಿ ನೀರಾಗಿಸುವ ಚಿಕ್ಕ ವಿದ್ಯುತ್ ಘಟಕದಲ್ಲಿ ಒಟ್ಟು ದಕ್ಷತೆ ಶೇ 20 ದಾಟುವುದು ಕಷ್ಟ. ಅಲ್ಲಿ ಒಂದು ಯೂನಿಟ್‌ಗೆ ಹತ್ತಿರಹತ್ತಿರ ಒಂದೂವರೆ ಕಿಲೋ ಹೊಟ್ಟು ಬೇಕು. ಉಳಿದ ಶಾಖವೆಲ್ಲ ಹೊಗೆಕೊಳವೆಯಲ್ಲೂ ಕೂಲಿಂಗ್ ಟವರ್‌ನಲ್ಲೂ ಗಾಳಿಗೆ ಹೋಗುತ್ತದೆ. ಟರ್ಬೈನ್‌ನಿಂದ ಹೊರಬಂದ ಹಬೆ ಡ್ರೈಯರ್‌ಗೆ ಹೋಗುವುದಾದರೆ ಲೆಕ್ಕ ಬೇರೆ. ಆ ಹಬೆಯ ಶಾಖಕ್ಕಾಗಿ ಹೊಟ್ಟನ್ನು ಹೇಗೂ ಸುಡಲೇಬೇಕಿತ್ತು. ಕರೆಂಟಿನ ಪಾಲಿಗೆ ಬರುವುದು ಟರ್ಬೈನ್ ಕಿತ್ತುಕೊಂಡಷ್ಟು ಶಾಖವನ್ನು ತುಂಬಿಕೊಡುವ ಹೆಚ್ಚುವರಿ ಹೊಟ್ಟು ಮಾತ್ರ. ಬಾಯ್ಲರ್ ದಕ್ಷತೆ ಶೇ 70 ಎಂದು ಹಿಡಿದು, ಜನರೇಟರ್ ನಷ್ಟ ಸೇರಿಸಿದರೂ ಅದು ಯೂನಿಟ್‌ಗೆ ಅರ್ಧ ಕಿಲೋ ಮುಟ್ಟುವುದಿಲ್ಲ, 0.45 ಕಿಲೋ ಎಂದಿಟ್ಟುಕೊಳ್ಳಬಹುದು. ಅದೇ ಹೊಟ್ಟು, ಅದೇ ಕರೆಂಟು, ಮೂರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಈ ಲಾಭ ಉಳಿಯುವುದು ಹೊರಬಂದ ಹಬೆಗೆ ನಿಜವಾದ ಕೆಲಸ ಇರುವ ತನಕ ಮಾತ್ರ. ಹಬೆಗೆ ಕೆಲಸವಿಲ್ಲದ ಗಂಟೆಯಲ್ಲಿ ತಿರುಗುವ ಕೋಜನರೇಷನ್ ಒಂದು ದುಬಾರಿ, ಚಿಕ್ಕ, ಅದಕ್ಷ ವಿದ್ಯುತ್ ಸ್ಥಾವರ, ಅಷ್ಟೇ. ಯಂತ್ರದ ಗಾತ್ರವನ್ನು ಶಾಖದ ಬೇಡಿಕೆಯೇ ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ. ಮುಂದಿನ ಪ್ರತಿ ಹೆಜ್ಜೆಯೂ ಅದರಿಂದಲೇ ಹುಟ್ಟುತ್ತದೆ.

ಅಳತೆ ಇಲ್ಲದೆ ಅಂದಾಜು ಬೇಡ

ಮೊದಲ ಹೆಜ್ಜೆ ಅಳತೆ. ಬಾಯ್ಲರ್ ಮೇಲಿನ ಫಲಕದಲ್ಲಿ ಗಂಟೆಗೆ 4 ಟನ್ ಎಂದು ಕೆತ್ತಿದ್ದರೆ ಅದು ಬಾಯ್ಲರ್‌ನ ಸಾಮರ್ಥ್ಯ, ಗಿರಣಿಯ ಬೇಡಿಕೆಯಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿದ ಕಡೆಯಲ್ಲೇ ಟರ್ಬೈನ್ ಅಗತ್ಯಕ್ಕಿಂತ ದೊಡ್ಡದಾಗುವುದು. ಹಬೆ ಅಳೆಯುವ ಮೀಟರ್ ಚಿಕ್ಕ ಗಿರಣಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದಿದ್ದರೂ ಕೆಲಸ ನಿಲ್ಲಬೇಕಿಲ್ಲ. ಬಾಯ್ಲರ್‌ಗೆ ನೀರು ತಳ್ಳುವ ಫೀಡ್ ಪಂಪಿನ ಲೈನಿಗೆ, ಆ ನೀರಿನ ಬಿಸಿ ತಡೆಯುವಂಥ ಒಂದು ವಾಟರ್ ಮೀಟರ್ ಹಾಕಿಸಿ. ಒಳಗೆ ಹೋದ ನೀರಿನಲ್ಲಿ ಬ್ಲೋಡೌನ್‌ಗೆ ಬಿಟ್ಟದ್ದನ್ನು ಕಳೆದರೆ ಉಳಿದದ್ದೆಲ್ಲ ಹಬೆ. ಪಂಪು ನಿಂತು ನಿಂತು ಓಡುವುದರಿಂದ ನಿಮಿಷದ ಲೆಕ್ಕ ಸಿಗದು, ಗಂಟೆಯ ಲೆಕ್ಕ ಚೆನ್ನಾಗಿಯೇ ಸಿಗುತ್ತದೆ. ನಿಮಿಷದ ಏರಿಳಿತಕ್ಕೆ ಪ್ರೆಷರ್ ಗೇಜ್ ನೋಡಬೇಕು: ಐದೈದು ನಿಮಿಷಕ್ಕೊಮ್ಮೆ ಬರೆದಿಟ್ಟರೆ, ಬೇಯಿಸುವ ಟ್ಯಾಂಕಿಗೆ ವಾಲ್ವ್ ತೆರೆದಾಗ ಮುಳ್ಳು ಎಷ್ಟು ಇಳಿಯುತ್ತದೆ, ಮತ್ತೆ ಏರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಕಾಗದದ ಮೇಲೆ ಕಾಣುತ್ತದೆ. ಜೊತೆಗೆ ಒಂದು ಪಾಳಿಯಲ್ಲಿ ಉರಿದ ಹೊಟ್ಟಿನ ತೂಕ, ಆ ಪಾಳಿಯಲ್ಲಿ ನಡೆದ ಭತ್ತದ ತೂಕ, ಫೀಡ್ ಟ್ಯಾಂಕಿನ ನೀರಿನ ಉಷ್ಣತೆ, ಈ ಮೂರೂ ಬೇಕು. ಕರೆಂಟಿನ ಕಡೆಯ ಕೆಲಸ ಸುಲಭ. ಎಚ್‌ಟಿ ಮೀಟರ್‌ನ ನೆನಪಿನಲ್ಲಿ ಕಾಲು ಗಂಟೆಗೋ ಅರ್ಧ ಗಂಟೆಗೋ ಒಂದರಂತೆ ಲೋಡ್ ದಾಖಲಾಗಿರುತ್ತದೆ. ಆ ಲೋಡ್ ಸರ್ವೆಯ ಪ್ರತಿಯನ್ನು ವಿದ್ಯುತ್ ಕಂಪನಿಯಿಂದ ಕೇಳಿ ಪಡೆಯಿರಿ. ತಿಂಗಳ ಬಿಲ್ ಒಂದನ್ನೇ ಹಿಡಿದು ಗಾತ್ರ ಹೇಳುವವರ ಮಾತನ್ನು ನಂಬಬೇಡಿ.

ಒಂದು ವಾರ ಅಳೆದರೆ ಸಾಲದು. ಮುಂಗಾರು ಬೆಳೆಯ ಭತ್ತ ಬರುವ ಕಾಲದಲ್ಲಿ ಒಂದು ವಾರ, ಬೇಸಿಗೆ ಬೆಳೆಯ ಕಾಲದಲ್ಲಿ ಒಂದು ವಾರ, ವ್ಯಾಪಾರ ತಣ್ಣಗಿರುವ ತಿಂಗಳಲ್ಲಿ ಒಂದು ವಾರ, ಹೀಗೆ ಕನಿಷ್ಠ ಮೂರು ಸಲ ಆಗಬೇಕು. ಕಾಲುವೆಗೆ ನೀರು ಬಿಡದ ವರ್ಷ ಗಿರಣಿ ಎಷ್ಟು ದಿನ ನಡೆಯಿತು ಎಂಬುದನ್ನು ಹಳೆಯ ಲೆಕ್ಕಪುಸ್ತಕದಿಂದ ತೆಗೆದು ಪಕ್ಕಕ್ಕೆ ಬರೆದುಕೊಳ್ಳಿ. ಹಣದ ಲೆಕ್ಕಕ್ಕೆ ಬಂದಾಗ ಅತಿ ಹೆಚ್ಚು ಬೆಲೆ ಬಾಳುವ ಅಂಕಿ ಅದೇ.

ಸೋರಿಕೆ ಮುಚ್ಚಿದ ಮೇಲೆ ಗಾತ್ರ

ಅಳತೆ ಕೈಗೆ ಬಂದ ಕೂಡಲೇ ಟರ್ಬೈನ್ ಕಂಪನಿಗೆ ಫೋನ್ ಮಾಡುವ ಆಸೆ ಹುಟ್ಟುತ್ತದೆ. ಆ ಮೊದಲು ಹಬೆಯ ಪೋಲನ್ನು ನಿಲ್ಲಿಸಬೇಕು. ಹಬೆಯ ಪೈಪಿಗೆ ಹೊದಿಕೆ ಇದೆಯೇ, ಸ್ಟೀಮ್ ಟ್ರ್ಯಾಪ್‌ಗಳು ಹಬೆಯನ್ನೇ ಹೊರಗೆ ಬಿಡುತ್ತಿವೆಯೇ, ಡ್ರೈಯರ್‌ನ ರೇಡಿಯೇಟರ್‌ನಿಂದ ಇಳಿದ ಬಿಸಿ ಕಂಡೆನ್ಸೇಟ್ ಚರಂಡಿ ಸೇರುತ್ತಿದೆಯೇ ಅಥವಾ ಫೀಡ್ ಟ್ಯಾಂಕಿಗೆ ಮರಳುತ್ತಿದೆಯೇ ಎಂದು ನೋಡಿ. ಫೀಡ್ ನೀರಿನ ಉಷ್ಣತೆ 6 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಧನದಲ್ಲಿ ಸುಮಾರು ಶೇ 1 ಉಳಿಯುತ್ತದೆ ಎಂಬುದು ಬಾಯ್ಲರ್ ಲೋಕದಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. 30 ಡಿಗ್ರಿಯ ನೀರಿನ ಜಾಗದಲ್ಲಿ 80 ಡಿಗ್ರಿಯ ನೀರು ಹೋದರೆ ಶೇ 8ರಷ್ಟು ಹೊಟ್ಟು ಉಳಿಯಿತು. ಇದಕ್ಕೆ ಆಗುವ ಖರ್ಚು ಟರ್ಬೈನ್ ಬೆಲೆಯ ಮುಂದೆ ಏನೇನೂ ಅಲ್ಲ. ಕ್ರಮ ತಲೆಕೆಳಗಾದರೆ, ಅಂದರೆ ಮೊದಲು ಟರ್ಬೈನ್ ಕೂರಿಸಿ ಆಮೇಲೆ ಸೋರಿಕೆ ಮುಚ್ಚಿದರೆ, ಹಬೆಯ ಬೇಡಿಕೆ ತಗ್ಗಿ ಯಂತ್ರ ದೊಡ್ಡದಾಗಿ ಉಳಿಯುತ್ತದೆ. ಪೋಲಾಗುವ ಹಬೆಯನ್ನೂ ಬೇಡಿಕೆ ಎಂದು ಲೆಕ್ಕ ಹಿಡಿದು ಮಾಡಿದ ಯೋಜನಾ ವರದಿ ಮುಂದಿನ ಹದಿನೈದು ವರ್ಷ ಆ ಪೋಲನ್ನು ಕಾಪಾಡಿಕೊಂಡು ಬರಬೇಕಾಗುತ್ತದೆ.

ಬೇಡಿಕೆಯ ಏರುಗಳನ್ನು ಚಪ್ಪಟೆ ಮಾಡುವುದೂ ಇದೇ ಹಂತದ ಕೆಲಸ. ನೆನೆದ ಭತ್ತಕ್ಕೆ ಹಬೆ ಕೊಟ್ಟು, ಹೊಟ್ಟು ಬಾಯಿ ಬಿಡುವವರೆಗೆ ಬೇಯಿಸುವುದು ಸ್ವಲ್ಪ ಹೊತ್ತಿನ ಕೆಲಸ, ಆದರೆ ಆ ಹೊತ್ತಿನಲ್ಲಿ ಟ್ಯಾಂಕ್ ಬಹಳ ಹಬೆ ಎಳೆಯುತ್ತದೆ. ಡ್ರೈಯರ್ ಹಾಗಲ್ಲ, ಗಂಟೆಗಟ್ಟಲೆ ಒಂದೇ ಸಮ ಎಳೆಯುತ್ತದೆ. ಎರಡು ಟ್ಯಾಂಕಿಗೆ ಒಟ್ಟಿಗೆ ಹಬೆ ಬಿಡುವ ಬದಲು ಒಂದಾದ ಮೇಲೊಂದು ಬಿಟ್ಟರೆ ಒಂದು ಪೈಸೆ ಖರ್ಚಿಲ್ಲದೆ ಏರು ಅರ್ಧಕ್ಕೆ ಇಳಿಯುತ್ತದೆ. ಟರ್ಬೈನ್‌ಗೆ ಬೇಕಾದದ್ದು ಡ್ರೈಯರ್‌ನಂಥ ಸ್ಥಿರ ಬೇಡಿಕೆ. ಟ್ಯಾಂಕಿನ ಏರನ್ನು ಈಗಿರುವ ಪ್ರೆಷರ್ ಇಳಿಸುವ ವಾಲ್ವ್ ಮೂಲಕವೇ ಕೊಟ್ಟರೂ ನಷ್ಟವಿಲ್ಲ.

ಗಾತ್ರ ಹಿಡಿಯುವ ಬಗೆ

ಈಗ ಒಂದು ಗಿರಣಿಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಗಂಟೆಗೆ 4 ಟನ್ ಭತ್ತ ನಡೆಯುತ್ತದೆ. ಭತ್ತದ ತೂಕದಲ್ಲಿ ಹೊಟ್ಟು ಸುಮಾರು ಐದನೇ ಒಂದು ಭಾಗ, ಅಂದರೆ ಗಂಟೆಗೆ 800 ಕಿಲೋ. ನೆನೆದು ಬೆಂದ ಭತ್ತದ ತೇವಾಂಶ ಶೇ 30 ಇದ್ದು ಅದನ್ನು ಶೇ 14ಕ್ಕೆ ಇಳಿಸಬೇಕಾದರೆ ಗಂಟೆಗೆ 900 ಕಿಲೋಗಿಂತ ತುಸು ಹೆಚ್ಚು ನೀರನ್ನು ಆವಿ ಮಾಡಬೇಕು. ಡ್ರೈಯರ್‌ನಲ್ಲಿ ಬಿಸಿಗಾಳಿಯ ಶಾಖದ ಅರ್ಧದಷ್ಟೇ ನೀರನ್ನು ಎಬ್ಬಿಸುವ ಕೆಲಸಕ್ಕೆ ಒದಗುತ್ತದೆ ಎಂದು ಹಿಡಿದರೆ ಒಣಗಿಸಲು 2 ಟನ್ನಿನ ಆಸುಪಾಸು ಹಬೆ ಬೇಕು. ನೆನೆಸುವ ನೀರು ಕಾಯಿಸಲು ಮತ್ತು ಬೇಯಿಸಲು ಇನ್ನು 0.6 ಟನ್. ಒಟ್ಟು 2.6 ಟನ್. 800 ಕಿಲೋ ಹೊಟ್ಟಿನಿಂದ ಶೇ 70 ದಕ್ಷತೆಯ, 10 ಕೆಜಿ ಪ್ರೆಷರ್‌ನ ಬಾಯ್ಲರ್ ಕೊಡಬಲ್ಲದ್ದು 2.8 ಟನ್. ಗಮನಿಸಿ, ಗಿರಣಿಯ ಹೊಟ್ಟು ಗಿರಣಿಯ ಹಬೆಗೆ ಹತ್ತಿರಹತ್ತಿರ ಸರಿಹೋಯಿತು. ಇದೇ ಗಿರಣಿಯಲ್ಲಿ ಒಂದು ಮೆಗಾವ್ಯಾಟ್ ಕಂಡೆನ್ಸಿಂಗ್ ಘಟಕ ಹಾಕುವ ಯೋಜನೆ ಬಂದರೆ ಅದಕ್ಕೆ ಗಂಟೆಗೆ ಒಂದೂವರೆ ಟನ್ ಹೊಟ್ಟು ಬೇಕು: ಸ್ವಂತ ಹೊಟ್ಟಿನ ಎರಡು ಪಟ್ಟಿಗೆ ಹತ್ತಿರ, ಅದೂ ಡ್ರೈಯರ್‌ನ ಪಾಲು ಬಿಟ್ಟು. ಕೊರತೆಯನ್ನು ಪೇಟೆಯಲ್ಲಿ ಕೊಳ್ಳಬೇಕು. ಇಂಥ ಘಟಕ ಶುರುವಾದ ದಿನವೇ ಆ ಭಾಗದ ಹೊಟ್ಟಿಗೆ ಹೊಸ ಗಿರಾಕಿ ಹುಟ್ಟಿ ಬೆಲೆ ಏರುತ್ತದೆ. ದೇಶದಲ್ಲಿ ಬಯೋಮಾಸ್ ವಿದ್ಯುತ್ ಸ್ಥಾವರಗಳು ನಷ್ಟಕ್ಕೆ ಬಿದ್ದದ್ದರ ಹಿಂದೆ ಇಂಧನದ ಬೆಲೆಯ ಈ ಏರಿಕೆಯೇ ದೊಡ್ಡ ಕಾರಣ.

2.6 ಟನ್ ಹಬೆ ಎಲ್ಲ ಗಂಟೆಯಲ್ಲೂ ಬೇಕಾಗುವುದಿಲ್ಲ. ಅಳತೆಯ ಅಂಕಿಗಳನ್ನು ಇಡೀ ವರ್ಷಕ್ಕೆ ವಿಸ್ತರಿಸಿ, ಅತಿ ಹೆಚ್ಚು ಬೇಡಿಕೆಯ ಗಂಟೆಯಿಂದ ಅತಿ ಕಡಿಮೆಯ ಗಂಟೆವರೆಗೆ ಇಳಿಕೆ ಕ್ರಮದಲ್ಲಿ ಜೋಡಿಸಿ. ಕಂಪ್ಯೂಟರ್‌ನ ಸಾಮಾನ್ಯ ಲೆಕ್ಕದ ಹಾಳೆ ಇದಕ್ಕೆ ಸಾಕು. ಅಡ್ಡ ಗೆರೆಯಲ್ಲಿ ಗಂಟೆ, ಲಂಬ ಗೆರೆಯಲ್ಲಿ ಟನ್ ಇಟ್ಟು ಚಿತ್ರ ಬರೆದರೆ ಎಡದಿಂದ ಬಲಕ್ಕೆ ಇಳಿಯುವ ಒಂದು ರೇಖೆ ಸಿಗುತ್ತದೆ. ಆ ರೇಖೆಯ ಕೆಳಗೆ ಕೂರುವ ಅತಿ ದೊಡ್ಡ ಆಯತ ಯಾವುದು ಎಂದು ಹುಡುಕಿ. ನಮ್ಮ ಗಿರಣಿಯಲ್ಲಿ 2.5 ಟನ್ ಬೇಡಿಕೆ ವರ್ಷಕ್ಕೆ 2000 ಗಂಟೆ, ಕನಿಷ್ಠ 1.8 ಟನ್ 5000 ಗಂಟೆ, ಕನಿಷ್ಠ 1 ಟನ್ 6500 ಗಂಟೆ ಇದೆ ಎಂದುಕೊಳ್ಳಿ. ಮೊದಲ ಆಯತದಲ್ಲಿ 5000 ಟನ್ ಹಬೆ ಹಿಡಿಯುತ್ತದೆ, ಎರಡನೆಯದರಲ್ಲಿ 9000, ಮೂರನೆಯದರಲ್ಲಿ 6500. ಟರ್ಬೈನ್ 1.8 ಟನ್ನಿನದಾಗಬೇಕು. ಅದರ ಮೇಲಿನ ಬೇಡಿಕೆ ವಾಲ್ವ್ ಮೂಲಕ ಹೋಗಲಿ. ದೊಡ್ಡ ಟರ್ಬೈನ್ ತಂದು ಅರ್ಧ ಲೋಡಿನಲ್ಲಿ ಓಡಿಸಿದರೆ ಅದರ ದಕ್ಷತೆ ಕುಸಿಯುತ್ತದೆ. ಅದಕ್ಕೆ ಹಾಕಿದ ಹಣದಲ್ಲಿ ಅರ್ಧ ಸುಮ್ಮನೆ ಕೂತಿರುತ್ತದೆ. ಆಯತದ ಅಗಲ 4500–5000 ಗಂಟೆಗಿಂತ ತೀರ ಕಡಿಮೆ ಬಂದರೆ ಯೋಜನೆಯನ್ನು ಇಲ್ಲಿಯೇ ಕೈಬಿಡುವುದು ಒಳ್ಳೆಯದು.

ಈ 1.8 ಟನ್ನಿನಿಂದ ಎಷ್ಟು ಕರೆಂಟು ಬರುತ್ತದೆ ಎಂಬುದನ್ನು ಬಾಯ್ಲರ್‌ನ ಒತ್ತಡ ನಿರ್ಧರಿಸುತ್ತದೆ. ಈಗಿರುವ 10 ಕೆಜಿ ಬಾಯ್ಲರ್‌ನ ಹಬೆಯನ್ನು 2 ಕೆಜಿಗೆ ಇಳಿಸುವ ಕಡೆ ಚಿಕ್ಕ ಟರ್ಬೈನ್ ಕೂರಿಸಿದರೆ ಟನ್ನಿಗೆ 25ರಿಂದ 30 ಯೂನಿಟ್, ಅಷ್ಟೇ. 32 ಕೆಜಿ, 380 ಡಿಗ್ರಿಯ ಸೂಪರ್‌ಹೀಟ್ ಹಬೆಯಾದರೆ ಟನ್ನಿಗೆ 75 ಯೂನಿಟ್ ನಿರೀಕ್ಷಿಸಬಹುದು. 45 ಕೆಜಿ, 440 ಡಿಗ್ರಿಗೆ ಹೋಗಿ ಒಳ್ಳೆಯ ಟರ್ಬೈನ್ ಹಾಕಿದರೆ ನೂರು ದಾಟುತ್ತದೆ. ಆಸೆಗೆ ಬಿದ್ದು ಒತ್ತಡ ಏರಿಸುತ್ತ ಹೋಗುವ ಮುನ್ನ ನೀರಿನ ಬಗ್ಗೆ ಯೋಚಿಸಬೇಕು. ರಾಯಚೂರು ಸೀಮೆಯ ಗಡಸು ಕೊಳವೆಬಾವಿ ನೀರನ್ನು ಬರೀ ಸಾಫ್ಟನರ್ ಹಾಯಿಸಿ 10 ಕೆಜಿ ಬಾಯ್ಲರ್‌ಗೆ ಕೊಡುವುದು ನಡೆಯುತ್ತದೆ. ಸೂಪರ್‌ಹೀಟ್ ಹಬೆಗೆ ಅದು ನಡೆಯದು. ನೀರಿನಲ್ಲಿ ಕರಗಿದ ಲವಣ ಟರ್ಬೈನ್ ಎಲೆಗಳ ಮೇಲೆ ಪದರಗಟ್ಟುತ್ತದೆ. ಆರ್‌ಒ ಮತ್ತು ಖನಿಜ ತೆಗೆಯುವ ಘಟಕ, ಅದನ್ನು ದಿನವೂ ಪರೀಕ್ಷಿಸಬಲ್ಲ ಒಬ್ಬ ಕೆಲಸಗಾರ, ಎರಡೂ ಬೇಕೇಬೇಕು. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುವುದರಿಂದ ಬಾಯ್ಲರ್ ಕೊಳವೆಗಳು ಬೇಗ ಸವೆಯುತ್ತವೆ ಎಂಬುದೂ ನೆನಪಿರಲಿ. ಸಣ್ಣ ಗಿರಣಿಗೆ 32 ಕೆಜಿಯ ಆಸುಪಾಸು ನಿಲ್ಲುವುದೇ ಲೇಸು ಎಂದು ನನ್ನ ಅಭಿಪ್ರಾಯ.

ಹಣದ ಲೆಕ್ಕ

1.8 ಟನ್ನಿಗೆ 75ರಂತೆ 135 ಕಿಲೋವ್ಯಾಟ್. ಹೆಚ್ಚಿನ ಒತ್ತಡದ ಫೀಡ್ ಪಂಪು ಇತ್ಯಾದಿಗೆ 10 ಕಳೆದರೆ 125. ಗಿರಣಿಯ ಸರಾಸರಿ ಲೋಡ್ 180 ಇದ್ದರೆ ಉತ್ಪಾದಿಸಿದ ಪ್ರತಿ ಯೂನಿಟ್ಟೂ ಒಳಗೇ ಖರ್ಚಾಗುತ್ತದೆ, ಹೊರಗೆ ಮಾರುವ ಗೊಡವೆಯಿಲ್ಲ. 5000 ಗಂಟೆಗೆ 6.25 ಲಕ್ಷ ಯೂನಿಟ್, ಯೂನಿಟ್‌ಗೆ ₹6.50ರಂತೆ ಉಳಿತಾಯ ₹40.6 ಲಕ್ಷ. ಹೆಚ್ಚುವರಿ ಹೊಟ್ಟು ಸುಮಾರು 304 ಟನ್, ಟನ್ನಿಗೆ ₹4000ದಂತೆ ₹12.2 ಲಕ್ಷ. ನೀರಿನ ಘಟಕ, ಹೆಚ್ಚುವರಿ ಸಿಬ್ಬಂದಿ, ರಿಪೇರಿಗೆ ವರ್ಷಕ್ಕೆ ₹8 ಲಕ್ಷ. ಉಳಿಯುವುದು ₹20 ಲಕ್ಷದ ಮೇಲೆ ಸ್ವಲ್ಪ. ಸಾಮಾನ್ಯ ಬಾಯ್ಲರ್‌ಗಿಂತ ಇಲ್ಲಿ ಹೆಚ್ಚಿಗೆ ಹಾಕಿದ ಬಂಡವಾಳ ₹1 ಕೋಟಿ ಆದರೆ ಬಡ್ಡಿ ಬಿಟ್ಟು ಐದು ವರ್ಷಕ್ಕೆ ಮರಳುತ್ತದೆ. ಈ ದರಗಳೆಲ್ಲ ಲೆಕ್ಕದ ದಾರಿ ತೋರಿಸಲು ಇಟ್ಟವು. ನಿಮ್ಮ ಬಿಲ್ಲಿನ ದರ, ನಿಮ್ಮ ಊರಿನ ಹೊಟ್ಟಿನ ಬೆಲೆ, ನಿಮಗೆ ಬಂದ ಕೊಟೇಶನ್ ಹಾಕಿ ಮತ್ತೆ ಮಾಡಬೇಕು. ಮಾಡುವಾಗ ಮೂರು ಎಚ್ಚರ. ಬಂಡವಾಳ ಎಂದರೆ ಹೆಚ್ಚುವರಿ ಬಂಡವಾಳ. ಬಾಯ್ಲರ್ ಹೇಗೂ ಬದಲಿಸಬೇಕಾದ ವರ್ಷದಲ್ಲಿ ಯೋಜನೆ ಮಾಡಿದರೆ ಅದು ಬಹಳ ಕಡಿಮೆಯಾಗುತ್ತದೆ. ಉಳಿತಾಯ ಎಂದರೆ ಯೂನಿಟ್ ದರದ ಉಳಿತಾಯ. ಟರ್ಬೈನ್ ತಿಂಗಳಲ್ಲಿ ಒಂದೇ ದಿನ ಕೈಕೊಟ್ಟರೂ ಗರಿಷ್ಠ ಬೇಡಿಕೆ ದಾಖಲಾಗಿಬಿಡುವುದರಿಂದ ಡಿಮ್ಯಾಂಡ್ ಚಾರ್ಜ್ ಉಳಿಯುತ್ತದೆಂದು ಮೊದಲೇ ಹಿಗ್ಗಬೇಡಿ. ಮೂರನೆಯದು, ಸ್ವಂತ ಹೊಟ್ಟೆಂದು ಅದರ ಬೆಲೆಯನ್ನು ಸೊನ್ನೆ ಬರೆಯಬೇಡಿ. ಮಾರಿದ್ದರೆ ಬರುತ್ತಿದ್ದ ಹಣವೇ ಅದರ ಬೆಲೆ.

ಆಮೇಲೆ ಅಂಕಿಗಳನ್ನು ಬೇಕೆಂದೇ ಕೆಡಿಸಿ ನೋಡಿ. ಹೊಟ್ಟಿನ ಬೆಲೆ ಟನ್ನಿಗೆ ₹6000 ಆದರೆ ಐದು ವರ್ಷ ಏಳಕ್ಕೆ ಏರುತ್ತದೆ, ಯೋಜನೆ ಬಡವಾಗುತ್ತದೆ, ಸಾಯುವುದಿಲ್ಲ. ಕಾಲುವೆ ಕೈಕೊಟ್ಟು ಓಡುವ ಗಂಟೆ 5000ದಿಂದ 3000ಕ್ಕೆ ಇಳಿದರೆ ಉಳಿತಾಯ ₹9 ಲಕ್ಷಕ್ಕೆ ಬಂದು ಹಣ ಮರಳಲು ಹನ್ನೊಂದು ವರ್ಷ ಬೇಕು. ಯೋಜನೆಯ ಪ್ರಾಣ ಇರುವುದು ಹೊಟ್ಟಿನ ಬೆಲೆಗಿಂತ ಹೆಚ್ಚಾಗಿ ಗಂಟೆಯಲ್ಲಿ. ಕಂಡೆನ್ಸಿಂಗ್ ಘಟಕಕ್ಕೆ ಇದೇ ಪರೀಕ್ಷೆ ಒಡ್ಡಿ: ಹೊಟ್ಟು ಟನ್ನಿಗೆ ₹4000 ಇದ್ದಾಗಲೇ ಯೂನಿಟ್‌ಗೆ ಬರೀ ಇಂಧನ ₹6, ಹೊಟ್ಟು ₹6000 ಆದಾಗ ₹9. ಕೊಳ್ಳುವ ಕರೆಂಟೇ ಅಗ್ಗವಾಯಿತು.

ಕೇಳಿಬರುವ ಆಕ್ಷೇಪಗಳು

ಸಕ್ಕರೆ ಕಾರ್ಖಾನೆಗಳು ಹತ್ತಾರು ಮೆಗಾವ್ಯಾಟ್ ಉತ್ಪಾದಿಸಿ ಗ್ರಿಡ್‌ಗೆ ಮಾರುತ್ತಿರುವಾಗ ನಾವೇಕೆ ಸಣ್ಣದಾಗಿ ಯೋಚಿಸಬೇಕು ಎಂಬುದು ಬಲವಾದ ಪ್ರಶ್ನೆ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಕಾರ್ಖಾನೆಗಳ ಕಥೆಯನ್ನು ಸರಿಯಾಗಿ ಓದಿದರೆ ಅದು ಇದೇ ವಾದಕ್ಕೆ ಸಾಕ್ಷಿ ಹೇಳುತ್ತದೆ. ಕಬ್ಬಿನ ತೂಕದಲ್ಲಿ ಸುಮಾರು ಶೇ 30 ಸಿಪ್ಪೆ, ಅಂದರೆ ಬಗಾಸ್. ಹಿಂದೆ 21, 32 ಕೆಜಿಯ ಬಾಯ್ಲರ್‌ಗಳಲ್ಲಿ ಅದನ್ನು ಸುಟ್ಟು ಮುಗಿಸುವುದೇ ಗುರಿಯಾಗಿತ್ತು. ಕಬ್ಬಿನ ತೂಕದ ಅರ್ಧದಷ್ಟು ಹಬೆ ಸಕ್ಕರೆ ಮಾಡಲು ಖರ್ಚಾಗುತ್ತಿತ್ತು. ರಸ ಕಾಯಿಸುವ, ಕುದಿಸುವ ವ್ಯವಸ್ಥೆ ಸುಧಾರಿಸಿ ಆ ಬೇಡಿಕೆಯನ್ನು ಶೇ 40ಕ್ಕೂ ಅದಕ್ಕಿಂತ ಕೆಳಕ್ಕೂ ಇಳಿಸಿ, ಬಾಯ್ಲರ್ ಒತ್ತಡವನ್ನು 67, 87, 110 ಕೆಜಿಗೆ ಏರಿಸಿದ ಮೇಲೆಯೇ ಮಾರಲು ಕರೆಂಟು ಹುಟ್ಟಿದ್ದು. ಅಲ್ಲಿ ಕಂಡೆನ್ಸಿಂಗ್ ಹಂತಕ್ಕೆ ಅರ್ಥವಿದೆ, ಏಕೆಂದರೆ ಪ್ರಕ್ರಿಯೆಯ ಹಬೆಗೆ ಕೊಟ್ಟ ಮೇಲೂ ರಾಶಿ ಬಗಾಸ್ ಉಳಿಯುತ್ತದೆ. ಮೇಲಿನ ಲೆಕ್ಕದ ಗಿರಣಿಯಲ್ಲಿ ಹಾಗೆ ಉಳಿಯುವ ಹೊಟ್ಟು ಅತ್ಯಲ್ಪ. ಹೊರಗೆ ಮಾರುವ ಯೂನಿಟ್‌ಗೆ ಸಿಗುವ ಬೆಲೆಗಿಂತ ಕೊಳ್ಳದೆ ಉಳಿಸಿದ ಯೂನಿಟ್‌ನ ಬೆಲೆ ಸಾಮಾನ್ಯವಾಗಿ ಹೆಚ್ಚು ಎಂಬುದನ್ನೂ ಮರೆಯಬಾರದು.

ಕರೆಂಟು ಪದೇ ಪದೇ ಹೋಗುತ್ತದೆ, ಪೂರ್ಣ ಸ್ವಾವಲಂಬನೆಗಾಗಿ ದೊಡ್ಡ ಯಂತ್ರವೇ ಬೇಕು ಎನ್ನುವವರೂ ಇದ್ದಾರೆ. ಹೊರಬಂದ ಹಬೆಯನ್ನು ಡ್ರೈಯರ್‌ಗೆ ಕೊಡುವ, ಹಬೆಯ ಬೇಡಿಕೆಗೆ ಕಟ್ಟಿಹಾಕಿದ ಇಂಥ ಬ್ಯಾಕ್‌ಪ್ರೆಷರ್ ಟರ್ಬೈನ್ ಗ್ರಿಡ್ ಜೊತೆ ಸಿಂಕ್ ಆಗಿ ಓಡುವುದಕ್ಕೆ ತಕ್ಕದ್ದು. ಗ್ರಿಡ್ ಹೋದಾಗ ಪಾಲಿಶರ್ ಮೋಟರ್ ಚಾಲೂ ಆಗುವ ಹೊಡೆತವನ್ನು ಒಂಟಿಯಾಗಿ ತಡೆದುಕೊಳ್ಳುವುದು ಅದರ ಕೈಯಲ್ಲಿ ಆಗದು. ಆ ಕೆಲಸಕ್ಕೆ ಡೀಸೆಲ್ ಜನರೇಟರ್ ಇದೆ, ಇರಲಿ. ಎರಡು ಬೇರೆ ಅಗತ್ಯಗಳನ್ನು ಒಂದೇ ಯಂತ್ರದ ಮೇಲೆ ಹೇರಿದರೆ ಎರಡೂ ಕೆಡುತ್ತವೆ. ಮುಂದೆ ಗಿರಣಿ ಬೆಳೆಯುತ್ತದೆ ಎನ್ನುವ ಆಕ್ಷೇಪಕ್ಕೆ ಉತ್ತರ ಸುಲಭ: ಎರಡನೇ ಟರ್ಬೈನ್‌ಗೆ ಜಾಗ, ಪೈಪಿನಲ್ಲಿ ಒಂದು ಕವಲು ಬಿಟ್ಟಿಡಿ. ಬೆಳೆದಾಗ ಕೂರಿಸಬಹುದು.

ಸೋಲಾರ್ ಇದಕ್ಕಿಂತ ಅಗ್ಗ ಎಂಬ ಮಾತಿನಲ್ಲಿ ಹೆಚ್ಚು ತೂಕವಿದೆ. ಚಾವಣಿಯ ಸೋಲಾರ್‌ಗೆ ಬಾಯ್ಲರ್ ಇಲಾಖೆಯ ಪರವಾನಗಿ ಬೇಡ, ನೀರು ಬೇಡ, ಮೂರು ಪಾಳಿಯ ಆಪರೇಟರ್ ಬೇಡ. ಬೆಳ್ತಿಗೆ ಅಕ್ಕಿಯಷ್ಟೇ ಮಾಡುವ, ಹಬೆಯೇ ಬೇಡದ ಗಿರಣಿಗೆ, ಅಥವಾ ವರ್ಷಕ್ಕೆ 3000 ಗಂಟೆ ಮಾತ್ರ ಡ್ರೈಯರ್ ಓಡಿಸುವ ಗಿರಣಿಗೆ ಸೋಲಾರ್ ಹಾಕಿಸಿಕೊಳ್ಳಿ ಎಂದೇ ಹೇಳಬೇಕು. ಹಗಲು ರಾತ್ರಿ ಡ್ರೈಯರ್ ಓಡುವ ಕಡೆ ಮಾತ್ರ ಕೋಜನರೇಷನ್ ಗೆಲ್ಲುತ್ತದೆ. ಈಗಾಗಲೇ ಸೋಲಾರ್ ಇದ್ದರೆ ಹಗಲಿನ ಲೋಡಿನಿಂದ ಅದನ್ನು ಕಳೆದ ಮೇಲೆಯೇ ಟರ್ಬೈನ್‌ಗೆ ಎಷ್ಟು ಕೆಲಸ ಉಳಿಯಿತೆಂದು ನೋಡಬೇಕು. ಕಳೆಯದೆ ಬರೆದ ವರದಿ ಒಂದೇ ಯೂನಿಟ್ಟನ್ನು ಎರಡು ಸಲ ಉಳಿಸಿರುತ್ತದೆ.

ಅಕ್ಕಿ ಗಿರಣಿಗೆ ಹೇಳಿದ್ದು ಬೇರೆ ಕಡೆಗೆ ಹೇಗೆ ಹೊಂದುತ್ತದೆ ಎಂಬುದಕ್ಕೆ ಶಾಖ ಮತ್ತು ಕರೆಂಟಿನ ಅನುಪಾತ ನೋಡಬೇಕು. ನಮ್ಮ ಗಿರಣಿಯಲ್ಲಿ 2.6 ಟನ್ ಹಬೆ ಸುಮಾರು 1600 ಕಿಲೋವ್ಯಾಟ್ ಶಾಖಕ್ಕೆ ಸಮ, ಕರೆಂಟು 180, ಅನುಪಾತ ಒಂಬತ್ತು. ನಾಲ್ಕರ ಮೇಲಿದ್ದರೆ ಬ್ಯಾಕ್‌ಪ್ರೆಷರ್ ಟರ್ಬೈನ್ ಸರಿ. ಒಂದು, ಎರಡರ ಆಸುಪಾಸು ಇರುವ ಆಸ್ಪತ್ರೆ, ಹೋಟೆಲ್‌ಗಳಿಗೆ ಗ್ಯಾಸ್ ಎಂಜಿನ್ ಒಗ್ಗುತ್ತದೆ. ದಾಭೋಲ್–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಶುರುವಾದ ಮೇಲೆ ಬೆಂಗಳೂರಿಗೆ ಆ ದಾರಿ ತೆರೆದಿದೆ. ಒಂದು ಮೆಗಾವ್ಯಾಟ್ ಎಂಜಿನ್‌ನಿಂದ ಹತ್ತಿರಹತ್ತಿರ ಅಷ್ಟೇ ಶಾಖ ಹಿಡಿಯಬಹುದು. ಅದನ್ನೆಲ್ಲ ಅಬ್ಸಾರ್ಪ್ಷನ್ ಚಿಲ್ಲರ್‌ಗೆ ಕೊಟ್ಟರೆ ಸುಮಾರು 200 ಟನ್ ಎಸಿ ಸಿಗುತ್ತದೆ. ಅಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ರಾತ್ರಿ ಎರಡು ಗಂಟೆಗೆ ಆ ಶಾಖಕ್ಕೆ ಏನು ಕೆಲಸ?

ಆರ್ಡರ್ ಕೊಡುವ ಮುನ್ನ

ಅಳತೆಯ ದಾಖಲೆ, ಆಯತದ ಚಿತ್ರ, ಕೆಡಿಸಿ ನೋಡಿದ ಹಣದ ಲೆಕ್ಕ, ಈ ಮೂರನ್ನು ಇಟ್ಟುಕೊಂಡು ಇಂಧನ ದಕ್ಷತಾ ಬ್ಯೂರೋದ ಪ್ರಮಾಣಪತ್ರ ಪಡೆದ ಎನರ್ಜಿ ಆಡಿಟರ್ ಒಬ್ಬರಿಂದ ಪರಿಶೀಲನೆ ಮಾಡಿಸಿ. ಯಂತ್ರ ಮಾರುವವರೇ ಉಚಿತವಾಗಿ ಬರೆದುಕೊಡುವ ವರದಿ ಇದಕ್ಕೆ ಬದಲಿಯಾಗದು. ಬಾಯ್ಲರ್ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯ, ಮಾಲಿನ್ಯ ನಿಯಂತ್ರಣ ಮಂಡಳಿ, ಸಿಂಕ್ ಮಾಡಲು ವಿದ್ಯುತ್ ಕಂಪನಿ, ಈ ನಾಲ್ಕು ಕಡೆಯ ಅನುಮತಿಗೆ ಬೇಕಾದ ತಿಂಗಳುಗಳನ್ನು ಸಾಲದ ಕಂತು ಶುರುವಾಗುವ ದಿನಾಂಕದ ಜೊತೆ ಹೊಂದಿಸಿಕೊಳ್ಳಿ. ಕೊಟೇಶನ್ ಕೇಳುವಾಗ ಗರಿಷ್ಠ ಕಿಲೋವ್ಯಾಟ್ ಎಷ್ಟೆಂದು ಕೇಳದೆ, ಒಳಬರುವ ಒತ್ತಡ, ಉಷ್ಣತೆ, ಹೊರಹೋಗುವ ಒತ್ತಡ ಇವನ್ನು ಬರೆದುಕೊಟ್ಟು, ಟನ್ ಹಬೆಗೆ ಎಷ್ಟು ಯೂನಿಟ್ ಎಂಬುದನ್ನು ಪೂರ್ಣ ಲೋಡಿನಲ್ಲೂ ಶೇ 60 ಲೋಡಿನಲ್ಲೂ ಗ್ಯಾರಂಟಿ ಕೊಡುವಂತೆ ಕೇಳಿ. ಆ ಗ್ಯಾರಂಟಿಯನ್ನು ನಿಮ್ಮ ಗಿರಣಿಯಲ್ಲಿ, ನಿಮ್ಮ ಹಬೆಯಲ್ಲಿ ಓಡಿಸಿ ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡುವುದೆಂದು ಕರಾರಿನಲ್ಲಿ ಬರೆಸಿ. ಎರಡು ಲೋಡಿನ ಗ್ಯಾರಂಟಿ ಬರೆದುಕೊಡಲು ಒಪ್ಪದ ಕಂಪನಿಯಿಂದ ಟರ್ಬೈನ್ ಕೊಳ್ಳಬೇಡಿ.